ಮಂದೆ ಅಟ್ಟುವ ನಾಯಿ ಯಾವ ಮನೆಗೆ ತಕ್ಕುದು

ಕುರಿ, ಮೇಕೆ, ದನಗಳ ಜೊತೆ ದುಡಿಯುವ ನಾಯಿಗಳಲ್ಲಿ ಎರಡು ಬಗೆ. ಒಂದು ಮಂದೆ ಕಾಯುವ ನಾಯಿ. ಅದು ಮಂದೆಯ ನಡುವೆಯೇ ಇದ್ದು, ಅಲ್ಲೇ ಮಲಗಿ, ತೋಳವೋ ಚಿರತೆಯೋ ಕಳ್ಳರೋ ಹತ್ತಿರ ಸುಳಿದರೆ ಬೊಗಳಿ ಎಚ್ಚರಿಸುತ್ತದೆ. ಜಮ್ಮು ಕಾಶ್ಮೀರದ ಬಕರ್ವಾಲ್ ನಾಯಿ, ಹಿಮಾಲಯದ ಭೋಟಿಯಾ ನಾಯಿ, ಕರ್ನಾಟಕದ ಬಯಲುಸೀಮೆಯಲ್ಲಿ ಕುರುಬರ ಕುರಿಮಂದೆಯ ಹಿಂದೆ ಊರೂರು ಅಲೆಯುವ ನಾಟಿ ನಾಯಿ ಈ ಗುಂಪಿಗೆ ಸೇರಿದವು. ಇನ್ನೊಂದು ಮಂದೆ ಅಟ್ಟುವ ನಾಯಿ. ಚದುರಿದ ಕುರಿಗಳನ್ನು ಸುತ್ತುಹಾಕಿ ಒಟ್ಟುಗೂಡಿಸುವುದು, ಒಡೆಯ ಹೇಳಿದ ಕಡೆಗೆ ನಡೆಸುವುದು, ತಪ್ಪಿಸಿಕೊಂಡದ್ದನ್ನು ತಿರುಗಿಸಿ ತರುವುದು ಅದರ ಕೆಲಸ. ಬಾರ್ಡರ್ ಕೋಲಿ, ಆಸ್ಟ್ರೇಲಿಯನ್ ಕ್ಯಾಟಲ್ ಡಾಗ್, ಜರ್ಮನ್ ಶೆಪರ್ಡ್, ಬೆಲ್ಜಿಯನ್ ಮ್ಯಾಲಿನೋಯಿಸ್ ಇವೆಲ್ಲ ಈ ಕೆಲಸಕ್ಕಾಗಿ ಹುಟ್ಟಿದ ತಳಿಗಳು. ಮೊದಲ ಬಗೆಯ ನಾಯಿ ದಿನದ ಬಹುಪಾಲು ಸುಮ್ಮನೆ ಬಿದ್ದುಕೊಂಡಿರಬಲ್ಲದು. ಎರಡನೆಯದಕ್ಕೆ ಸುಮ್ಮನಿರುವುದೇ ಕಷ್ಟ.

ಚಾಮರಾಜನಗರ ಜಿಲ್ಲೆ ಹನೂರು ತಾಲ್ಲೂಕಿನ ಹೂಗ್ಯಂ, ರಾಮಾಪುರ, ಕೌದಳ್ಳಿ, ಮಾರ್ಟಳ್ಳಿ ಸುತ್ತಿನ ಊರುಗಳಲ್ಲಿ ನಾಯಿಯಿಲ್ಲದ ಮನೆ ಕಡಿಮೆ. ಹೊಲಕ್ಕೆ ಹಂದಿ ನುಗ್ಗದಂತೆ, ಕೊಟ್ಟಿಗೆಗೆ ಚಿರತೆ ಬಾರದಂತೆ ಎಚ್ಚರವಿರಲು ನಾಯಿ ಬೇಕೇ ಬೇಕು. ಇಷ್ಟು ಕಾಲ ಆ ನಾಯಿ ಊರಿನಲ್ಲೇ ಹುಟ್ಟಿದ ನಾಟಿ ನಾಯಿಯಾಗಿರುತ್ತಿತ್ತು. ಈಗ ಬೆಂಗಳೂರು, ಮೈಸೂರಿನ ಮಾರಾಟಗಾರರಿಂದ ಹೊರತಳಿಯ ಮರಿ ತರುವುದು ಸುಲಭವಾಗಿದೆ. ಬೆಟ್ಟದ ಇಳಿಜಾರಿನಲ್ಲಿ ನೂರಾರು ಕುರಿಗಳನ್ನು ಒಂದೇ ನಾಯಿ ತಿರುಗಿಸುವ ವಿಡಿಯೊವನ್ನು ಮೊಬೈಲಿನಲ್ಲಿ ನೋಡಿದ ಯುವಕರಿಗೆ, ತಮ್ಮ ಮನೆಯ ಕುರಿಗಳಿಗೂ ಅಂಥ ನಾಯಿ ಬೇಕೆನ್ನಿಸುವುದು ಸಹಜ. ಆದರೆ ಆ ಆಸೆ ಮೂರು ಪ್ರಶ್ನೆಗಳನ್ನು ದಾಟಿ ಬರಬೇಕು. ಆ ನಾಯಿಗೆ ಕೊಡಲು ಮನೆಯಲ್ಲಿ ನಿಜವಾದ ಕೆಲಸ ಇದೆಯೇ? ದಿನವೂ ಅದರ ಜೊತೆ ಇರಲು ಒಬ್ಬ ಮನುಷ್ಯ ಇದ್ದಾನೆಯೇ? ಊರಿನ ಅಂಚಿನಲ್ಲಿರುವ ಕಾಡು ಅಂಥ ನಾಯಿಯನ್ನು ತಾಳಿಕೊಂಡೀತೇ?

ಮೊದಲು ಆ ತಳಿಗಳ ಮೂಲ ತಿಳಿಯಬೇಕು. ಬಾರ್ಡರ್ ಕೋಲಿ ರೂಪುಗೊಂಡದ್ದು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಯ ಗುಡ್ಡಗಳಲ್ಲಿ. 1893ರಲ್ಲಿ ನಾರ್ಥಂಬರ್ಲೆಂಡಿನಲ್ಲಿ ಆಡಂ ಟೆಲ್ಫರ್ ಎಂಬ ರೈತನ ಬಳಿ ಹುಟ್ಟಿದ ಓಲ್ಡ್ ಹೆಂಪ್ ಎಂಬ ಗಂಡು ನಾಯಿಯನ್ನು ಈ ತಳಿಯ ಮೂಲಪುರುಷನೆಂದು ಎಣಿಸುತ್ತಾರೆ. ಬೊಗಳದೆ, ಕಚ್ಚದೆ, ನೋಟದಿಂದಲೇ ಕುರಿಗಳನ್ನು ನಡೆಸುವುದು ಅದರ ಹೆಚ್ಚುಗಾರಿಕೆಯಾಗಿತ್ತು. ವೇಲ್ಸ್‌ನ ಬಾಲಾ ಎಂಬ ಊರಿನಲ್ಲಿ 1873ರಲ್ಲೇ ಕುರಿ ಅಟ್ಟುವ ನಾಯಿಗಳ ಸ್ಪರ್ಧೆ ನಡೆದಿತ್ತು. ಅಂಥ ನಾಯಿಗಳಿಗಾಗಿಯೇ 1906ರಲ್ಲಿ ಅಂತರರಾಷ್ಟ್ರೀಯ ಸಂಘವೊಂದು ಹುಟ್ಟಿತು. ಜರ್ಮನ್ ಶೆಪರ್ಡ್ ತಳಿಯನ್ನು 1899ರಲ್ಲಿ ಕಟ್ಟಿದವನು ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೇನಾಧಿಕಾರಿ. ಅವನು ಆರಿಸಿಕೊಂಡದ್ದೂ ಕುರಿಗಾಹಿಗಳ ನಾಯಿಗಳನ್ನೇ.

ಕುರಿ ಅಟ್ಟುವ ಈ ಗುಣ ಬಂದದ್ದು ಬೇಟೆಯಿಂದ. ತೋಳ ಬೇಟೆಯಾಡುವಾಗ ಮೊದಲು ಪ್ರಾಣಿಯ ಮೇಲೆ ಕಣ್ಣಿಡುತ್ತದೆ, ತಗ್ಗಿ ಹೊಂಚುತ್ತದೆ, ಅಟ್ಟಿಸಿಕೊಂಡು ಹೋಗುತ್ತದೆ, ಹಿಡಿಯುತ್ತದೆ, ಕೊಲ್ಲುತ್ತದೆ. ಬಾರ್ಡರ್ ಕೋಲಿಯಲ್ಲಿ ಕಣ್ಣಿಡುವ, ಹೊಂಚುವ, ಅಟ್ಟುವ ಹಂತಗಳನ್ನು ತಲೆಮಾರುಗಟ್ಟಲೆ ಆರಿಸಿ ಬಲಪಡಿಸಲಾಗಿದೆ. ಹಿಡಿದು ಕೊಲ್ಲುವ ಹಂತಗಳನ್ನು ಕುಗ್ಗಿಸಲಾಗಿದೆ. ದನ ನಡೆಸಲು ಬೆಳೆಸಿದ ಆಸ್ಟ್ರೇಲಿಯನ್ ಕ್ಯಾಟಲ್ ಡಾಗ್‌ನಂಥ ತಳಿಗಳಲ್ಲಿ ಹಿಂಗಾಲನ್ನು ಕಚ್ಚಿ ಸರಿಯುವ ಅಭ್ಯಾಸವನ್ನೂ ಉಳಿಸಿಕೊಳ್ಳಲಾಗಿದೆ. ಹೀಗಾಗಿ ಈ ನಾಯಿಗಳಿಗೆ ಅಟ್ಟುವುದನ್ನು ಯಾರೂ ಕಲಿಸಬೇಕಿಲ್ಲ. ಅದು ಹುಟ್ಟಿನಿಂದ ಬಂದದ್ದು. ಕಲಿಸಬೇಕಾದದ್ದು ಯಾವಾಗ ನಿಲ್ಲಬೇಕು ಎಂಬುದನ್ನು. ಈ ಒಂದು ಮಾತು ಅರ್ಥವಾದರೆ ಉಳಿದ ನಿರ್ಧಾರ ಸುಲಭವಾಗುತ್ತದೆ.

ಈ ತಳಿಗಳ ಮೈಯಲ್ಲಿ ಇರುವಷ್ಟೇ ಚುರುಕು ತಲೆಯಲ್ಲೂ ಇದೆ. ಅಮೆರಿಕದ ಜಾನ್ ಪಿಲ್ಲಿ ಎಂಬ ಮನಶ್ಶಾಸ್ತ್ರಜ್ಞರು ಚೇಸರ್ ಎಂಬ ಬಾರ್ಡರ್ ಕೋಲಿಗೆ ಸಾವಿರಕ್ಕೂ ಹೆಚ್ಚು ಆಟಿಕೆಗಳ ಹೆಸರು ಕಲಿಸಿ, 2011ರಲ್ಲಿ ಅದರ ವಿವರ ಪ್ರಕಟಿಸಿದರು. ಇಷ್ಟು ಕಲಿಯಬಲ್ಲ ಪ್ರಾಣಿಗೆ ದಿನವೂ ಹೊಸತೇನಾದರೂ ಬೇಕು. ದಿನಕ್ಕೆ 2 ಗಂಟೆಗೂ ಹೆಚ್ಚು ಓಡಾಟ, ಅದರ ಜೊತೆಗೆ ಬುದ್ಧಿಗೆ ಕೆಲಸ, ಇದು ಬೆಳೆದ ಬಾರ್ಡರ್ ಕೋಲಿಗೆ ಬೇಕಾದ ಕನಿಷ್ಠ. ಅದು ಸಿಗದಿದ್ದರೆ ನಾಯಿ ತನ್ನ ಕೆಲಸವನ್ನು ತಾನೇ ಹುಡುಕಿಕೊಳ್ಳುತ್ತದೆ. ರಸ್ತೆಯಲ್ಲಿ ಹೋಗುವ ಬೈಕನ್ನು ಅಟ್ಟುತ್ತದೆ. ಅಂಗಳದಲ್ಲಿ ಓಡುವ ಮಕ್ಕಳನ್ನು ಸುತ್ತುಹಾಕಿ ಹಿಮ್ಮಡಿಗೆ ಬಾಯಿ ಹಾಕುತ್ತದೆ. ಕೋಳಿಗಳನ್ನು ಮೂಲೆಗೆ ತಳ್ಳುತ್ತದೆ. ಕಟ್ಟಿಹಾಕಿದರೆ ಒಂದೇ ಜಾಗದಲ್ಲಿ ಗಿರಕಿ ಹೊಡೆಯುತ್ತದೆ, ಗಂಟೆಗಟ್ಟಲೆ ಬೊಗಳುತ್ತದೆ, ಗೋಡೆಯ ಮೇಲಿನ ನೆರಳಿನ ಹಿಂದೆ ಓಡುತ್ತದೆ. ಮನೆಯವರು ಇದನ್ನು ಪುಂಡತನವೆಂದು ಬೈದು ಹೊಡೆಯುತ್ತಾರೆ. ನಾಯಿಯ ತಪ್ಪು ಇದರಲ್ಲಿ ಏನೂ ಇಲ್ಲ.

ಮ್ಯಾಲಿನೋಯಿಸ್ ಮತ್ತು ಜರ್ಮನ್ ಶೆಪರ್ಡ್‌ಗಳ ವಿಷಯದಲ್ಲಿ ಕರ್ನಾಟಕದಲ್ಲೇ ಒಳ್ಳೆಯ ಉದಾಹರಣೆಗಳಿವೆ. ಬೆಂಗಳೂರಿನ ಹೊರವಲಯದ ತರಳುವಿನಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ ನಾಯಿ ತರಬೇತಿ ಶಾಲೆಯಿದೆ. ಮ್ಯಾಲಿನೋಯಿಸ್ ಮರಿಗಳನ್ನು ಹುಟ್ಟಿನಿಂದಲೇ ಅಲ್ಲಿ ಬೆಳೆಸಿ, ತಿಂಗಳುಗಟ್ಟಲೆ ತರಬೇತಿ ಕೊಟ್ಟು, ಪ್ರತಿ ನಾಯಿಗೂ ಅದನ್ನೇ ನೋಡಿಕೊಳ್ಳುವ ಸಿಬ್ಬಂದಿಯನ್ನು ಜೊತೆ ಮಾಡಿ ಕಾರ್ಯಾಚರಣೆಗೆ ಕಳುಹಿಸುತ್ತಾರೆ. ಇದೇ ಚಾಮರಾಜನಗರ ಜಿಲ್ಲೆಯ ಬಂಡೀಪುರದಲ್ಲಿ ರಾಣಾ ಎಂಬ ಜರ್ಮನ್ ಶೆಪರ್ಡ್ ಅರಣ್ಯ ಇಲಾಖೆಯಲ್ಲಿ ದುಡಿದು, ಕಳ್ಳಬೇಟೆಗಾರರ ಜಾಡು ಹಿಡಿದು ಹೆಸರು ಮಾಡಿತು. ರಾಣಾನ ಸಾಧನೆ ಕೇಳಿದವರು ಅದರ ಹಿಂದಿನ ತರಬೇತಿಯನ್ನೂ, ಹಗಲಿರುಳು ಅದರ ಜೊತೆಗಿದ್ದ ಸಿಬ್ಬಂದಿಯ ಶ್ರಮವನ್ನೂ ನೆನೆಯಬೇಕು. ತಳಿಯನ್ನು ದುಡ್ಡು ಕೊಟ್ಟು ತರಬಹುದು, ಆ ಶ್ರಮವನ್ನು ಮನೆಯವರೇ ಮಾಡಬೇಕು.

ಇನ್ನು ಕೆಲಸದ ಪ್ರಶ್ನೆ. ಬ್ರಿಟನ್ನಿನ ಗುಡ್ಡಗಳಲ್ಲಿ ಅಟ್ಟುವ ನಾಯಿ ಬೇಕಾದದ್ದು ಏಕೆಂದರೆ, ಅಲ್ಲಿ ಕುರಿಗಳು ಬೇಲಿಯಿಲ್ಲದ ವಿಶಾಲ ಬೆಟ್ಟದಲ್ಲಿ ದಿನಗಟ್ಟಲೆ ತಮ್ಮಷ್ಟಕ್ಕೆ ಮೇಯುತ್ತವೆ. ನೂರಾರು ಕುರಿಗಳಿಗೆ ಆಳು ಒಬ್ಬನೇ. ಹೂಗ್ಯಂ ಕಡೆಯ ರೀತಿ ಬೇರೆ. ಇಲ್ಲಿ ಮಂದೆ ಚಿಕ್ಕದು. ಬೆಳಗ್ಗೆ ಹೊರಟು ಸಂಜೆ ಮರಳುವವರೆಗೆ ಮೇಯಿಸುವವರು ಜೊತೆಗೇ ಇರುತ್ತಾರೆ. ಅವರ ಕೂಗು, ಸಿಳ್ಳು, ಕೈಯ ಕೋಲು ಕುರಿಗಳಿಗೆ ಸಾಕು. ಎಷ್ಟೋ ಮಂದೆಗಳು ಅಟ್ಟಿಸಿಕೊಂಡು ನಡೆಯುವುದಕ್ಕಿಂತ ಒಡೆಯನ ಹಿಂದೆ ತಾವಾಗಿ ನಡೆಯುತ್ತವೆ. ಹಾಗಾಗಿ ಬಾರ್ಡರ್ ಕೋಲಿ ಮಾಡುವ ಕೆಲಸವನ್ನು ಇಲ್ಲಿ ಮನುಷ್ಯನೇ ಮಾಡುತ್ತಿದ್ದಾನೆ. ನಾಯಿ ತಂದರೆ ಅವನ ಶ್ರಮ ಇಳಿಯುವ ಬದಲು, ಕುರಿಯ ಜೊತೆ ನಾಯಿಯನ್ನೂ ನೋಡುವ ಶ್ರಮ ಸೇರಿಕೊಳ್ಳುತ್ತದೆ.

ಸಾಕುಪ್ರಾಣಿಗಳ ಸ್ವಭಾವವನ್ನೂ ಗಮನಿಸಬೇಕು. ಅಟ್ಟುವ ನಾಯಿಯ ಅಭ್ಯಾಸವಿಲ್ಲದ ಕುರಿಗಳು ಹೆದರಿ ದಿಕ್ಕೆಟ್ಟು ಓಡುತ್ತವೆ. ಗಬ್ಬದ ಕುರಿಗಳನ್ನು ಹೀಗೆ ಓಡಿಸಿದರೆ ಕಂದು ಹಾಕುವ ಅಪಾಯವಿದೆ. ಮೇಕೆಗಳು ಕುರಿಗಳಂತೆ ಗುಂಪುಗೂಡುವುದಿಲ್ಲ. ಬಂಡೆ ಏರಿ ನಿಲ್ಲುತ್ತವೆ, ಇಲ್ಲವೇ ತಿರುಗಿ ಕೊಂಬು ಒಡ್ಡುತ್ತವೆ. ಈ ಕಡೆ ಸಾಕುವ ಹಳ್ಳಿಕಾರ್, ಗಡಿಯಾಚೆಯ ಬರ್ಗೂರು ಬೆಟ್ಟದ ಬರ್ಗೂರು ದನಗಳು ಚುರುಕಿನವು, ಬೇಗ ಬೆದರುವಂಥವು. ಹಿಂಗಾಲಿಗೆ ಬಾಯಿ ಹಾಕಲು ಬಂದ ನಾಯಿಯನ್ನು ಅವು ಒದೆಯದೆ, ಹಾಯದೆ ಬಿಡುವುದಿಲ್ಲ. ನಾಯಿಯನ್ನೂ ದನವನ್ನೂ ಬಲ್ಲ ತರಬೇತುದಾರ ಬೇಕು, ಮರಿಯನ್ನು ಹತ್ತು ಹನ್ನೆರಡು ತಿಂಗಳಾದ ಮೇಲೆ ನಿಧಾನವಾಗಿ ಮಂದೆಗೆ ಪರಿಚಯಿಸಬೇಕು. ಇದಿಲ್ಲದೆ ಮಂದೆಯ ನಡುವೆ ಬಿಟ್ಟ ನಾಯಿಯಿಂದ ನಷ್ಟವೇ ಹೆಚ್ಚು.

ಮೂರನೆಯದು ಕಾಡು. ಮೊದಲ ಎರಡೂ ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಇದ್ದ ಮನೆಯೂ ಇಲ್ಲಿ ನಿಂತು ಯೋಚಿಸಬೇಕು. ಮಲೆ ಮಹದೇಶ್ವರ ವನ್ಯಧಾಮವನ್ನು ಘೋಷಿಸಿದ್ದು 2013ರಲ್ಲಿ. ಅದರ ವಿಸ್ತೀರ್ಣ 906 ಚದರ ಕಿಲೋಮೀಟರ್. ಹೂಗ್ಯಂ ಅದರ ಒಂದು ವಲಯ. ಒಂದು ಕಡೆ ಬಿಳಿಗಿರಿರಂಗನಬೆಟ್ಟ, ಇನ್ನೊಂದು ಕಡೆ ಕಾವೇರಿ ವನ್ಯಧಾಮ, ಗಡಿ ದಾಟಿದರೆ ತಮಿಳುನಾಡಿನ ಕಾಡು. ಹೊಲದ ಬದು ದಾಟಿದರೆ ಜಿಂಕೆ, ಕಡವೆ, ಮೊಲ, ಆನೆ. ಓಡುವುದೆಲ್ಲವನ್ನೂ ಅಟ್ಟುವ ನಾಯಿಗೆ ಬೇಲಿಯಾಚೆಯ ಜಿಂಕೆಯೂ ಬೇಲಿಯೊಳಗಿನ ಕುರಿಯೂ ಒಂದೇ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972, ಕಾಡುಪ್ರಾಣಿಯನ್ನು ಕೊಲ್ಲುವುದನ್ನು ಮಾತ್ರವಲ್ಲ, ಅಟ್ಟುವುದನ್ನೂ ಬೇಟೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ನಾಯಿ ಕಾಡಿಗೆ ನುಗ್ಗದಂತೆ ನೋಡಿಕೊಳ್ಳುವ ಹೊಣೆ ಸಾಕಿದವರದು.

ಆನೆಯ ವಿಷಯದಲ್ಲಿ ಅಪಾಯ ನೇರವಾಗಿ ಮನುಷ್ಯನಿಗೇ ಬರುತ್ತದೆ. ಬೊಗಳುತ್ತ ಹತ್ತಿರ ಹೋದ ನಾಯಿಯ ಮೇಲೆ ಆನೆ ಎರಗಿದರೆ, ನಾಯಿ ತಿರುಗಿ ಓಡಿ ಬರುವುದು ಒಡೆಯನ ಬಳಿಗೆ. ಅದರ ಹಿಂದೆ ಆನೆಯೂ ಬರುತ್ತದೆ. ಚಿರತೆಗಂತೂ ನಾಯಿಯೇ ಆಹಾರ. ಮಹಾರಾಷ್ಟ್ರದ ಅಕೋಲೆ ಸುತ್ತಿನ ಹೊಲಗದ್ದೆಗಳ ನಡುವೆ ಬದುಕುವ ಚಿರತೆಗಳ ಅಧ್ಯಯನ ನಡೆದಾಗ, ಅವು ತಿನ್ನುವುದರಲ್ಲಿ ಸಾಕುನಾಯಿಗಳ ಪಾಲೇ ದೊಡ್ಡದೆಂದು ಗೊತ್ತಾಯಿತು. ರಾತ್ರಿ ಅಂಗಳದಲ್ಲಿ ಸರಪಳಿಯಲ್ಲಿ ಕಟ್ಟಿದ ನಾಯಿ ಓಡಿ ಪಾರಾಗಲೂ ಆರದು. ಕಾಡಂಚಿನಲ್ಲಿ ಯಾವ ನಾಯಿಯನ್ನೇ ಸಾಕಲಿ, ರಾತ್ರಿ ಅದಕ್ಕೆ ಬಾಗಿಲಿರುವ ಗಟ್ಟಿ ಗೂಡು ಬೇಕು, ಇಲ್ಲವೇ ಮನೆಯೊಳಗೆ ಜಾಗ ಬೇಕು.

ಹಂದಿಗೆ ಒಡ್ಡಿದ ಉರುಳು, ಸಿಡಿಮದ್ದಿನ ಉಂಡೆ, ವಿಷ ಬೆರೆಸಿದ ಕಳೇಬರ, ಇವು ಕಾಡಂಚಿನ ಮತ್ತೊಂದು ಅಪಾಯ. 2025ರ ಜೂನ್ ತಿಂಗಳಲ್ಲಿ ಇದೇ ಹೂಗ್ಯಂ ವಲಯದಲ್ಲಿ ವಿಷ ಹಾಕಿದ್ದ ಹಸುವಿನ ಕಳೇಬರ ತಿಂದು ತಾಯಿಹುಲಿಯೂ ಅದರ 4 ಮರಿಗಳೂ ಸತ್ತವು. ಐದು ಹುಲಿಗಳ ಆ ಸಾವು ನಾಡನ್ನೇ ಕಲಕಿತು. ಹಸುವನ್ನು ಕಳೆದುಕೊಂಡ ಸಿಟ್ಟು ವಿಷವಾಗಿ ಕಾಡಿಗೆ ಹೋಗಬಾರದು ಎಂಬುದು ಆ ಘಟನೆಯ ದೊಡ್ಡ ಪಾಠ. ನಾಯಿ ಸಾಕುವವರಿಗೆ ಅದರಲ್ಲಿ ಇನ್ನೊಂದು ಪಾಠವೂ ಇದೆ. ದೂರದೂರಕ್ಕೆ ಓಡುವ, ಕಂಡದ್ದಕ್ಕೆ ಬಾಯಿ ಹಾಕುವ ನಾಯಿ ಇಂಥ ವಿಷಕ್ಕೆ ಸುಲಭವಾಗಿ ಬಲಿಯಾಗುತ್ತದೆ. ಅಲ್ಲದೆ, ಹುಲಿ ಚಿರತೆಗಳಿಂದ ದನ ಉಳಿಸಿಕೊಳ್ಳಲು ಬೇಕಾದದ್ದು ಅಟ್ಟುವ ನಾಯಿಯಲ್ಲ. ದನಗಳು ಕತ್ತಲಾಗುವ ಮೊದಲು ದೊಡ್ಡಿ ಸೇರಬೇಕು, ದೊಡ್ಡಿಯ ಬೇಲಿ ಗಟ್ಟಿಯಿರಬೇಕು, ಬೆಳಕಿರಬೇಕು, ದನಗಳ ಹತ್ತಿರವೇ ಉಳಿದು ಬೊಗಳುವ ನಾಯಿ ಇರಬೇಕು.

ಊರು, ಕಾಡು ಎರಡೂ ಕಡೆಗೆ ರೋಗ ಹರಡುತ್ತದೆ. ಲಸಿಕೆ ಹಾಕದ ನಾಯಿಗಳಿಂದ ರೇಬೀಸ್ ಮತ್ತು ಡಿಸ್ಟೆಂಪರ್ ರೋಗಗಳು ಕಾಡಿನ ಸೀಳುನಾಯಿ, ಚಿರತೆ, ಹುಲಿಗಳಿಗೆ ತಗಲಬಹುದು. ತಾಂಜಾನಿಯಾದ ಸೆರೆಂಗೆಟಿಯಲ್ಲಿ 1994ರಲ್ಲಿ ಡಿಸ್ಟೆಂಪರ್ ಹಬ್ಬಿ ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರರಲ್ಲೊಂದು ಭಾಗ ಸತ್ತುಹೋದವು. ಗುಜರಾತಿನ ಗಿರ್ ಕಾಡಿನಲ್ಲೂ 2018ರಲ್ಲಿ ಸಿಂಹಗಳು ಈ ರೋಗಕ್ಕೆ ತುತ್ತಾದವು. ಹೂಗ್ಯಂ ಕಡೆಯ ಪ್ರತಿ ಮನೆಯ ನಾಯಿಗೂ ಲಸಿಕೆ ಹಾಕಿಸುವುದು ಮನೆಯ ರಕ್ಷಣೆಯೂ ಹೌದು, ಕಾಡಿನ ರಕ್ಷಣೆಯೂ ಹೌದು. ಮರಿಗೆ ಆರರಿಂದ ಎಂಟು ವಾರವಾದಾಗ ಪಾರ್ವೊ ಮತ್ತು ಡಿಸ್ಟೆಂಪರ್ ಲಸಿಕೆ ಶುರುವಾಗಬೇಕು, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಬೀಳಬೇಕು, ಆಮೇಲೆ ಪಶುವೈದ್ಯರು ಹೇಳಿದಂತೆ ಮತ್ತೆ ಮತ್ತೆ ಹಾಕಿಸಬೇಕು.

ಹೊರತಳಿಯ ಅಟ್ಟುವ ನಾಯಿಗೆ ಇನ್ನೂ ಕೆಲವು ವಿಶೇಷ ಎಚ್ಚರಗಳಿವೆ. ಅನೇಕ ತಳಿಗಳ ತುಪ್ಪಳ ಚಳಿಗೆ ಹೇಳಿಮಾಡಿಸಿದ್ದು. ನಾಯಿ ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು, ಮನುಷ್ಯನಂತೆ ಮೈಯೆಲ್ಲ ಬೆವರದು. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ ಇಂಥ ನಾಯಿಯನ್ನು ಬೆಳಕು ಹರಿಯುವ ಮೊದಲು ಇಲ್ಲವೇ ಹೊತ್ತು ಮುಳುಗುವಾಗ ಮಾತ್ರ ಓಡಿಸಬೇಕು. ಕೆಲಸದ ಹುಮ್ಮಸ್ಸಿನಲ್ಲಿ ಅದು ದಣಿವನ್ನು ತೋರಿಸುವುದೇ ಇಲ್ಲ. ನಿಲ್ಲಿಸುವವನು ಮನುಷ್ಯನೇ ಆಗಿರಬೇಕು. ಉಣ್ಣಿಗಳಿಂದ ಹರಡುವ ಜ್ವರ ಕರ್ನಾಟಕದಲ್ಲಿ ಸಾಮಾನ್ಯ, ದನಕರುಗಳ ನಡುವೆ ತಿರುಗುವ ನಾಯಿಯ ಮೈಯನ್ನು ದಿನವೂ ನೋಡಬೇಕು. ಉಣ್ಣಿಗೂ ಕಜ್ಜಿಗೂ ಹಳ್ಳಿಗಳಲ್ಲಿ ಧಾರಾಳವಾಗಿ ಬಳಸುವ ಐವರ್ಮೆಕ್ಟಿನ್ ಔಷಧಿ ಕೋಲಿ ಜಾತಿಯ ಅನೇಕ ನಾಯಿಗಳಿಗೆ ಪ್ರಾಣಾಂತಿಕವಾಗಬಹುದು. ಅವುಗಳ ವಂಶವಾಹಿಯಲ್ಲಿರುವ ಒಂದು ದೋಷದಿಂದ ಆ ಔಷಧಿ ಮಿದುಳಿಗೆ ಸೇರಿಬಿಡುತ್ತದೆ. ಕುರಿಗಳಿಗೆ ಆ ಔಷಧಿ ಕೊಟ್ಟ ದಿನಗಳಲ್ಲಿ ಅವುಗಳ ಹಿಕ್ಕೆಯನ್ನು ನಾಯಿ ತಿನ್ನದಂತೆಯೂ ನೋಡಬೇಕು. ಪಶುವೈದ್ಯರನ್ನು ಕೇಳದೆ ಇಂಥ ನಾಯಿಗೆ ಯಾವ ಔಷಧಿಯನ್ನೂ ಕೊಡಕೂಡದು. ಸಂಚಾರಿ ಪಶು ಚಿಕಿತ್ಸೆಗಾಗಿ 1962ಕ್ಕೆ ಕರೆ ಮಾಡುವ ವ್ಯವಸ್ಥೆಯಿದೆ. ಆಹಾರದ ವಿಷಯದಲ್ಲಿ, ಬರಿ ಮುದ್ದೆ, ಅನ್ನ, ಸಾರು ಹಾಕಿ ದಿನವೆಲ್ಲ ಓಡುವ ನಾಯಿಯನ್ನು ಸಾಕಲಾಗದು. ಮೊಟ್ಟೆ ಅಥವಾ ಮಾಂಸ ತಪ್ಪದೆ ಬೇಕು.

ಇನ್ನು ಎರಡನೆಯ ಪ್ರಶ್ನೆ, ಮನೆಯ ಜನ. ಬಾರ್ಡರ್ ಕೋಲಿ 12ರಿಂದ 15 ವರ್ಷ ಬದುಕಬಲ್ಲದು. ಈ ಪ್ರದೇಶದ ಮನೆಗಳಿಂದ ದುಡಿಯುವ ವಯಸ್ಸಿನವರು ಬೆಂಗಳೂರಿಗೋ ತಿರುಪ್ಪೂರಿಗೋ ಹೋಗುವುದು ಉಂಟು. ನಾಯಿ ತಂದ ಯುವಕ ಎರಡು ವರ್ಷದ ಮೇಲೆ ಕೆಲಸಕ್ಕೆ ಹೊರಟರೆ, ಆ ಚುರುಕು ಪ್ರಾಣಿ ವಯಸ್ಸಾದ ತಂದೆ ತಾಯಿಯ ಕೈಗೆ ಉಳಿಯುತ್ತದೆ. ಅವರು ಅದನ್ನು ಓಡಿಸಲಾರರು, ಕಟ್ಟಿಹಾಕುತ್ತಾರೆ. ನಗರದ ಫ್ಲ್ಯಾಟಿನಲ್ಲಿ ಸಾಕಲಾರದೆ ನಾಯಿಯನ್ನು ಊರಿಗೆ ಸಾಗಿಸಿದಾಗಲೂ ಆಗುವುದು ಇದೇ. ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದು ಪ್ರಾಣಿಹಿಂಸೆ ತಡೆ ಕಾಯ್ದೆ, 1960ರ ಪ್ರಕಾರ ಅಪರಾಧ. ಆದ್ದರಿಂದ ನಾಯಿ ಬೇಕೆನ್ನುವವರೊಬ್ಬರ ಒಪ್ಪಿಗೆ ಸಾಲದು. ಅವರಿಲ್ಲದಾಗ ನೋಡಿಕೊಳ್ಳುವವರ ಒಪ್ಪಿಗೆಯೂ ಬೇಕು.

ಇಷ್ಟೆಲ್ಲ ತೂಗಿದ ಮೇಲೂ ಮನಸ್ಸು ಗಟ್ಟಿಯಿದ್ದರೆ ಒಂದು ಪರೀಕ್ಷೆ ಮಾಡಬಹುದು. ನಾಯಿ ತರುವ ಮೊದಲು ಒಂದು ತಿಂಗಳು, ದಿನವೂ ನಸುಕಿನಲ್ಲಿ ಒಂದು ಗಂಟೆ, ಸಂಜೆ ಒಂದು ಗಂಟೆ ನಡೆಯಬೇಕು. ಕಳೆ ಕೀಳುವ ದಿನವೂ, ಮದುವೆಯ ದಿನವೂ, ಜಾತ್ರೆಯ ದಿನವೂ ತಪ್ಪಿಸಬಾರದು. ಮನೆಯಲ್ಲಿ ಯಾರಾದರೊಬ್ಬರು ಇದನ್ನು ತಿಂಗಳುಪೂರ್ತಿ ಮಾಡಿದರೆ ಆ ಮನೆಗೆ ನಾಯಿ ಸಾಕುವ ಶಕ್ತಿಯಿದೆ. ವಾರದಲ್ಲೇ ಬಿಟ್ಟುಹೋದರೆ ಉತ್ತರ ಅಲ್ಲೇ ಸಿಕ್ಕಂತಾಯಿತು. ಜೊತೆಗೆ, ನಾಯಿಯನ್ನು ಬಿಟ್ಟು ಓಡಿಸಲು ಎಲ್ಲ ಕಡೆ ಬೇಲಿಯಿರುವ ಜಾಗ ಇರಬೇಕು. ಕಾಡಿಗೆ ತೆರೆದುಕೊಂಡ ಹೊಲ ಅಂಥ ಜಾಗವಲ್ಲ.

ಈ ಪರೀಕ್ಷೆಯಲ್ಲಿ ಗೆದ್ದ ಮನೆಯವರು ಮರಿಯ ಆಯ್ಕೆಯಲ್ಲಿ ಆತುರ ಪಡಬಾರದು. ನಾಯಿ ಮಾರಾಟದ 2017ರ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿಯ ತಾಯಿಯನ್ನು, ಸಾಧ್ಯವಾದರೆ ತಂದೆಯನ್ನೂ ಕಣ್ಣಾರೆ ನೋಡಬೇಕು. ಮರಿ ಮುಂದೆ ಹೇಗಾಗುತ್ತದೆ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸೂಚನೆಯಿಲ್ಲ. ಮೂರು ವಾರದಿಂದ ಸುಮಾರು ಮೂರು ತಿಂಗಳವರೆಗಿನ ಅವಧಿಯಲ್ಲಿ ಕಂಡು ಕೇಳಿದ್ದು ಮರಿಗೆ ಜೀವನಪೂರ್ತಿ ಪರಿಚಿತವಾಗಿ ಉಳಿಯುತ್ತದೆ. ಹಸು, ಕೋಳಿ, ಮಕ್ಕಳು, ಬಸ್ಸಿನ ಸದ್ದು ಎಲ್ಲವೂ ಆಗಲೇ ಅಭ್ಯಾಸವಾಗಬೇಕು. ಬಾ, ನಿಲ್ಲು, ಬಿಡು ಎಂಬ ಮೂರು ಮಾತುಗಳಿಗೆ ಮರಿ ತಪ್ಪದೆ ಕಿವಿಗೊಡುವವರೆಗೆ ಅದನ್ನು ಉದ್ದನೆಯ ಹಗ್ಗದಿಂದ ಬಿಡಿಸಬಾರದು.

ಹೂಗ್ಯಂ ಸುತ್ತಿನ ಬಹುಪಾಲು ಮನೆಗಳಿಗೆ ಮಾತ್ರ ತಕ್ಕ ನಾಯಿ ಊರಿನಲ್ಲೇ ಇದೆ. ನಾಟಿ ನಾಯಿ ಈ ಬಿಸಿಲಿಗೆ, ಈ ಊಟಕ್ಕೆ ಒಗ್ಗಿದ್ದು. ಬಿಡುವಿದ್ದಾಗ ಮಲಗುತ್ತದೆ, ಸದ್ದಾದಾಗ ಏಳುತ್ತದೆ, ಮನೆ ಕೊಟ್ಟಿಗೆಗಳ ಹತ್ತಿರವೇ ಉಳಿಯುತ್ತದೆ. ಮರಿಯಿಂದಲೇ ಕುರಿಗಳ ನಡುವೆ ಬೆಳೆಸಿದರೆ ಮಂದೆ ಬಿಟ್ಟು ಕದಲುವುದಿಲ್ಲ. ಲಸಿಕೆ ಹಾಕಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರಾತ್ರಿ ಗಟ್ಟಿ ಗೂಡು ಕೊಟ್ಟರೆ ಅದಕ್ಕಿಂತ ನಂಬಿಕೆಯ ಕಾವಲು ಈ ಕಡೆಗೆ ಬೇರೆ ಬೇಕಿಲ್ಲ. ನಾಡಿನ ಹೆಮ್ಮೆಯ ಮುಧೋಳ ನಾಯಿಯನ್ನೂ ತಮಿಳುನಾಡಿನ ಚಿಪ್ಪಿಪಾರೈಯನ್ನೂ ನಾಟಿ ತಳಿಯೆಂಬ ಕಾರಣಕ್ಕೆ ಕಾಡಂಚಿಗೆ ತರುವ ಮೊದಲು ಮಾತ್ರ ಯೋಚಿಸಬೇಕು; ಅವು ಓಡುವ ಬೇಟೆಯನ್ನು ಕಣ್ಣಿನಿಂದ ಗುರುತಿಸಿ ಹಿಡಿಯಲು ಬೆಳೆದ ತಳಿಗಳು.

ಈಗಾಗಲೇ ಅಟ್ಟುವ ನಾಯಿಯನ್ನು ತಂದು, ಸಾಕಲು ಆಗುತ್ತಿಲ್ಲವೆನ್ನುವ ಮನೆಗಳೂ ಇವೆ. ಅವರು ಮೊದಲು ದಿನದ ಓಡಾಟ ಹೆಚ್ಚಿಸಿ, ಮುಚ್ಚಿಟ್ಟ ವಸ್ತು ಹುಡುಕಿಸುವಂಥ ಕೆಲಸಗಳನ್ನು ಕೊಟ್ಟು ನೋಡಬೇಕು. ಎಷ್ಟೋ ನಾಯಿಗಳು ಅಷ್ಟರಿಂದಲೇ ಶಾಂತವಾಗುತ್ತವೆ. ಅದೂ ಸಾಧ್ಯವಾಗದಿದ್ದರೆ ಸಮಯ, ಜಾಗ, ಅನುಭವ ಇರುವವರನ್ನು ಹುಡುಕಿ, ನಾಯಿಯ ಸ್ವಭಾವವನ್ನು ಮುಚ್ಚಿಡದೆ ಹೇಳಿ ಒಪ್ಪಿಸಬೇಕು. ಬೆಟ್ಟದ ದಾರಿಯಲ್ಲೋ ಕಾಡಿನ ಅಂಚಿನಲ್ಲೋ ಬಿಟ್ಟುಬರುವುದು ನಾಯಿಗೂ ಕಾಡಿಗೂ ಮಾಡುವ ದ್ರೋಹ, ಕಾನೂನಿನ ಪ್ರಕಾರ ಅಪರಾಧವೂ ಹೌದು. ನಾಯಿಯನ್ನು ತರದೆ ಉಳಿಯುವುದರಲ್ಲಿ ಅವಮಾನವಿಲ್ಲ. ತಂದ ಮೇಲೆ ಅದರ ಕೊನೆಯ ದಿನದವರೆಗೂ ಹೊಣೆ ಹೊರುವ ಮನೆಗೆ ಮಾತ್ರ ಇಂಥ ನಾಯಿ ತಕ್ಕುದು.